ಮಳೆಗಾಲಕ್ಕೆ ರೂಮು ಖಾಲಿ ಬಿದ್ದಾಗ: ಕುಮಟಾ ಕರಾವಳಿಯ ಹೋಂಸ್ಟೇ ಲೆಕ್ಕ

ಮಿರ್ಜಾನ್‌ನಿಂದ ಗೋಕರ್ಣದವರೆಗಿನ ಪಟ್ಟಿಯಲ್ಲಿ ಹೋಂಸ್ಟೇ ಇಟ್ಟವರಿಗೆ ಬುಕಿಂಗ್ ಇಳಿಯುವುದು ಮೂರು ರೀತಿ. ವರ್ಷವಿಡೀ ಸೋಮವಾರದಿಂದ ಗುರುವಾರದವರೆಗೆ ಇರುವ ಇಳಿತ ಒಂದು. ಫೆಬ್ರವರಿ–ಮಾರ್ಚ್‌ನಲ್ಲಿ ಶಾಲೆ-ಕಾಲೇಜು ಪರೀಕ್ಷೆಗಳಿಂದಾಗುವುದು ಎರಡನೆಯದು. ಶಿವರಾತ್ರಿಯ ಆಚೀಚೆ ಮಾತ್ರ ಗೋಕರ್ಣ ತುಂಬುತ್ತದೆ. ಮೂರನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಮೊದಲೆರಡಕ್ಕೆ ದರ ಇಳಿಸಿದರೆ ಸ್ವಲ್ಪ ಫಲ ಸಿಗುತ್ತದೆ. ಮಳೆಗಾಲಕ್ಕೆ ಸಿಗುವುದಿಲ್ಲ. ಆಗ ಜನ ಹಿಂಜರಿಯುವುದು ಘಟ್ಟದ ರಸ್ತೆಗೆ, ಕರೆಂಟಿಗೆ, ಹಸಿ ಹಾಸಿಗೆಗೆ. ಈ ಮೂರಕ್ಕೂ ರೂಮಿನ ದರಕ್ಕೂ ಸಂಬಂಧವಿಲ್ಲ. ದರ ಕಡಿಮೆ ಮಾಡಿ ಕಳೆದುಕೊಳ್ಳುವ ಹಣವನ್ನು ಮೇ ತಿಂಗಳಲ್ಲಿ ಮನೆ ಒಣಗಿಸಲು ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಲೆಕ್ಕ. ಒಂದು ರೂಮಿನಲ್ಲಿ ಇಬ್ಬರು ಒಂದು ರಾತ್ರಿ ಉಳಿದರೆ ಕೈಯಿಂದ ಹೋಗುವ ಖರ್ಚನ್ನು ಬರೆದುಕೊಳ್ಳಿ. ಬೆಡ್‌ಶೀಟು, ದಿಂಬಿನ ಕವರು, ಟವೆಲ್ ತೊಳೆಸಲು 120, ತಿಂಡಿ-ಚಹಾ 160, ಕರೆಂಟು 70, ಗುಡಿಸಿ ಒರೆಸಿದ ಕೂಲಿ 150, ಸೋಪು, ಗ್ಯಾಸು, ಕುಡಿಯುವ ನೀರು 50. ಒಟ್ಟು 550 ರೂಪಾಯಿ. ಬುಕಿಂಗ್ ಆ್ಯಪ್ ಶೇ. 15 ಕಮಿಷನ್ ಹಿಡಿದರೆ 550ನ್ನು 0.85ರಿಂದ ಭಾಗಿಸಬೇಕು, ಸುಮಾರು 650 ಬರುತ್ತದೆ. ಅದಕ್ಕಿಂತ ಕೆಳಗೆ ರೂಮು ಕೊಟ್ಟರೆ ಖಾಲಿ ಇಡುವುದಕ್ಕಿಂತಲೂ ನಷ್ಟ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು, ದಾರಿ ಇದೇ.

ಇನ್ನು ಜನ ಬರಲಿ ಬಿಡಲಿ ತಿಂಗಳಾದರೆ ಕೊಡಲೇಬೇಕಾದ ಖರ್ಚು: ನೋಡಿಕೊಳ್ಳುವವರ ಸಂಬಳ, ಇಂಟರ್ನೆಟ್, ಕರೆಂಟಿನ ನಿಗದಿತ ಶುಲ್ಕ, ತೆರಿಗೆ, ಸಣ್ಣಪುಟ್ಟ ರಿಪೇರಿ. ನಾಲ್ಕು ರೂಮಿನ ಮನೆಗೆ ಇದು 24,000 ಎಂದುಕೊಳ್ಳೋಣ. ರಾತ್ರಿಗೆ 1,600ರಂತೆ ಕೊಟ್ಟರೆ ಕಮಿಷನ್ ಕಳೆದು 1,360, ಖರ್ಚು ಕಳೆದು 810 ಉಳಿಯುತ್ತದೆ. 24,000 ಹುಟ್ಟಬೇಕಾದರೆ ತಿಂಗಳಿಗೆ 30 ರೂಮು-ರಾತ್ರಿ ಹೋಗಬೇಕು. ದರವನ್ನು 1,200ಕ್ಕೆ ಇಳಿಸಿದರೆ ಉಳಿಯುವುದು 470 ಮಾತ್ರ. ಅದೇ 24,000ಕ್ಕೆ ಸುಮಾರು 51 ರಾತ್ರಿ ಬೇಕು. ದರ ಕಾಲು ಭಾಗ ಇಳಿಯಿತು, ಬೇಕಾದ ಬುಕಿಂಗ್ ಮುಕ್ಕಾಲಿನಷ್ಟು ಹತ್ತಿರ ಏರಿತು. ಆರಿದ್ರಾ, ಪುನರ್ವಸು ಮಳೆ ಹೊಡೆಯುವ ಜುಲೈಯಲ್ಲಿ ಅಷ್ಟು ಜನ ಯಾವ ದರಕ್ಕೂ ಬರುವುದಿಲ್ಲ.

ಹಾಗಾಗಿ ನಾಲ್ಕೂ ರೂಮು ತೆರೆದಿಟ್ಟು ಕಾಯುವ ಬದಲು ಎರಡನ್ನು ಮುಚ್ಚುವುದೇ ಸರಿ. ಮುಚ್ಚಬೇಕಾದದ್ದು ಪಡುವಣ ಬದಿಯವು. ಗಾಳಿ-ಮಳೆ ನೈಋತ್ಯದಿಂದ ಬರುತ್ತದೆ, ಎರಚಲು ನೇರ ಆ ಗೋಡೆಗೆ, ಆ ಕಿಟಕಿಗೆ. ಚಿರೇಕಲ್ಲಿನ ಗೋಡೆಯಾದರೆ ನೀರು ಕುಡಿದು ಒಳಗಿನ ಸುಣ್ಣ ಉಬ್ಬುತ್ತದೆ. ಸೀಸನ್‌ನಲ್ಲಿ ಸಮುದ್ರ ಕಾಣುತ್ತದೆಂದು ಹೆಚ್ಚು ದರ ತರುವ ಆ ರೂಮುಗಳೇ ಮಳೆಗಾಲದಲ್ಲಿ ಹೆಚ್ಚು ದೂರು ತರುತ್ತವೆ. ಮೂಡಣ ಬದಿಯ ಎರಡನ್ನು ಚೆನ್ನಾಗಿ ಒಣಗಿಸಿಟ್ಟು ನಡೆಸಿದರೆ ಸಾಕು.

ಆ ಎರಡರಲ್ಲಿ ಒಂದನ್ನು ತಿಂಗಳ ಲೆಕ್ಕಕ್ಕೆ ಕೊಡುತ್ತೇವೆ. ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡುವ ಬೆಂಗಳೂರು, ಹುಬ್ಬಳ್ಳಿ, ಪುಣೆಯವರಿಗೆ ಮಳೆ ತೊಡಕಲ್ಲ, ಬೇಕಾದದ್ದೇ ಅದು. ಕಾರವಾರದ ಕಡೆಯವರಿಗಾದರೆ ಕೈಗಾ ಸ್ಥಾವರದ, ನೌಕಾನೆಲೆಯ ಕೆಲಸಕ್ಕೆಂದು ಬರುವ ಗುತ್ತಿಗೆ ಎಂಜಿನಿಯರುಗಳು ಸಿಗುತ್ತಾರೆ. ಅವರಿಗೆ ಕಚೇರಿಗೆ ಒಪ್ಪಿಸಲು ಕ್ರಮಬದ್ಧ ಬಿಲ್ ಬೇಕು, ಬೆಳಿಗ್ಗೆ ಏಳಕ್ಕೆ ತಿಂಡಿ ಆಗಬೇಕು. 28 ರಾತ್ರಿಗೆ 22,000 ಎಂದಿಟ್ಟರೆ, ಅದರಲ್ಲಿ ತಿಂಡಿ ಸೇರಿಲ್ಲ, ಬೆಡ್‌ಶೀಟು ವಾರಕ್ಕೊಮ್ಮೆ, ಗುಡಿಸುವುದು ವಾರಕ್ಕೆರಡು ಸಲ. ಕೈಖರ್ಚು ರಾತ್ರಿಗೆ 180ಕ್ಕೆ ಇಳಿಯುತ್ತದೆ. ನೇರವಾಗಿ ಬಂದವರಾದರೆ ಖರ್ಚು ಕಳೆದು ಸುಮಾರು 17,000 ಉಳಿಯಿತು. 24,000ದಲ್ಲಿ ಬಾಕಿ 7,000. ಇನ್ನೊಂದು ರೂಮನ್ನು 1,600ರಂತೆ ಶನಿವಾರ-ಭಾನುವಾರ ಸೇರಿಸಿ ಒಂಬತ್ತು ರಾತ್ರಿ ಕೊಟ್ಟರೆ ತಿಂಗಳು ದಾಟಿತು. ಇಷ್ಟು ಜುಲೈಯಲ್ಲೂ ಸಾಧ್ಯ.

ತಿಂಗಳ ಬಾಡಿಗೆಯಲ್ಲಿ ಜಗಳ ಬರುವುದು ಕರೆಂಟ್ ಬಿಲ್ಲಿಗೆ. ಆ ರೂಮಿಗೊಂದು ಸಬ್‌ಮೀಟರ್ ಹಾಕಿ, ದಿನಕ್ಕೆ ಐದು ಯೂನಿಟ್ ಬಾಡಿಗೆಯಲ್ಲೇ ಸೇರಿದೆ, ಮೇಲಿನದ್ದಕ್ಕೆ ಹೆಸ್ಕಾಂ ದರ ಎಂದು ಬರೆದು ಸಹಿ ಹಾಕಿಸಿಕೊಳ್ಳಿ. ಒಂದು ಪುಟ ಸಾಕು. ಗುರುತಿನ ಚೀಟಿಯ ಪ್ರತಿ ಅದರ ಜೊತೆಗಿರಲಿ.

ಲ್ಯಾಪ್‌ಟಾಪಿನವರು ಮೊದಲು ಕೇಳುವುದು ಕರೆಂಟು ಹೋದಾಗ ಏನು ಎಂದು. “ಇನ್ವರ್ಟರ್ ಇದೆ” ಎನ್ನುವ ಉತ್ತರ ಸಾಲದು, ಎಷ್ಟು ಗಂಟೆ ಎಂದು ಹೇಳಬೇಕು. ಫ್ಯಾನು 70 ವಾಟ್, ಎರಡು ಎಲ್‌ಇಡಿ ಬಲ್ಬು 18, ರೌಟರು ಮತ್ತು ಫೈಬರ್ ಡಬ್ಬ ಸೇರಿ 20, ಲ್ಯಾಪ್‌ಟಾಪ್ 60: ಒಟ್ಟು 170 ವಾಟ್ ಹತ್ತಿರ. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬ್ಯುಲರ್ ಬ್ಯಾಟರಿ ಕಾಗದದ ಮೇಲೆ 1,800 ವಾಟ್-ಗಂಟೆ. ಇನ್ವರ್ಟರಿನಲ್ಲಿ ಹೋಗುವುದು, ಪೂರ್ತಿ ಇಳಿಸಬಾರದು ಎಂಬುದು ಎರಡನ್ನೂ ಕಳೆದರೆ ಸುಮಾರು 1,200. ಅಂದರೆ ಏಳು ಗಂಟೆ. ಹೊಸ ಬ್ಯಾಟರಿಗೆ ಈ ಲೆಕ್ಕ, ಹಳೆಯದಾದಂತೆ ಕಡಿಮೆಯಾಗುತ್ತದೆ. ಇಂಡಕ್ಷನ್ ಒಲೆ, ಗೀಸರ್, ಇಸ್ತ್ರಿಪೆಟ್ಟಿಗೆಯ ಪ್ಲಗ್ಗುಗಳು ಇನ್ವರ್ಟರ್ ಲೈನಿನಲ್ಲಿ ಇರಲೇಬಾರದು. ಮರ ಬಿದ್ದು ಫೈಬರ್ ತಂತಿ ತುಂಡಾದರೆ ಜೋಡಿಸಲು ಎರಡು ದಿನವೂ ಹಿಡಿಯುವುದುಂಟು. ಅದಕ್ಕೆ ಬೇರೆ ಕಂಪನಿಯ ಸಿಮ್ ಹಾಕಿದ 4ಜಿ ರೌಟರ್ ಒಂದು ತಯಾರಿರಬೇಕು; ಯಾವ ಕಂಪನಿಯದ್ದು ಎಂಬುದನ್ನು ಆ ರೂಮಿನೊಳಗೇ ಕುಳಿತು, ಕಿಟಕಿ ಮುಚ್ಚಿ, ಮಳೆ ಹೊಡೆಯುವಾಗ ನೋಡಿ ನಿರ್ಧರಿಸಿ.

ಇನ್ನೊಂದು ತೊಂದರೆ ಎಲ್ಲರ ಮನೆಯಲ್ಲೂ ಆಗುವಂಥದ್ದು. ಗೇಟಿನ ದೀಪಕ್ಕೋ ತೋಟದ ಪ್ಲಗ್ಗಿಗೋ ನೀರು ಇಳಿದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಬೀಳುತ್ತದೆ, ಇಡೀ ಮನೆ ಕತ್ತಲಾಗುತ್ತದೆ. ಅದನ್ನು ತೆಗೆದು ನೇರ ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ, ಒದ್ದೆ ನೆಲದಲ್ಲಿ ಜೀವ ಉಳಿಸುವುದು ಅದೊಂದೇ. ಹೊರಗಿನ ದೀಪ, ಪಂಪು, ತೋಟದ ಪ್ಲಗ್ಗುಗಳಿಗೆ ಬೇರೆ ಆರ್‌ಸಿಸಿಬಿ ಹಾಕಿಸಿದರೆ ಒಳಗಿನ ಕರೆಂಟು ಉಳಿಯುತ್ತದೆ.

ಮಳೆಗಾಲದ ಕೆಟ್ಟ ರಿವ್ಯೂಗಳಲ್ಲಿ ಹೆಚ್ಚಿನವು “ವಾಸನೆ” ಎಂಬ ಶಬ್ದದ ಸುತ್ತಲೇ ಇರುತ್ತವೆ. ರೂಮಿನಲ್ಲಿ ತೇವಾಂಶ ಅಳೆಯುವ ಸಣ್ಣ ಗಡಿಯಾರದಂಥ ಮೀಟರ್ ಇಡಿ, ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುತ್ತದೆ. ಹತ್ತಿಯ ಹಾಸಿಗೆ ತೇವ ಹೀರಿದರೆ ಮತ್ತೆ ಬಿಡುವುದೇ ಇಲ್ಲ, ಅದನ್ನು ಮೇ ಬಿಸಿಲಲ್ಲಿ ಒಣಗಿಸಿ ಕಟ್ಟಿ ಮೇಲಿಟ್ಟು ಬಿಡಿ. ಫೋಮ್ ಹಾಸಿಗೆಗೆ ಜಲನಿರೋಧಕ ಕವರ್ ಹಾಕಿ, ಮಂಚವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಎಳೆಯಿರಿ. ಕಪಾಟಿನ ಬಾಗಿಲು ತೆರೆದಿರಲಿ. ಖಾಲಿ ರೂಮಿನಲ್ಲೂ ದಿನಕ್ಕೆ ಎರಡು ಗಂಟೆ ಫ್ಯಾನು ತಿರುಗಬೇಕು. ಗೋಡೆಯ ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ನೀರು ಹಚ್ಚಿ ಒರೆಸಬಹುದು, ಕೈಗವಸು ಹಾಕಿ, ಕಿಟಕಿ ತೆರೆದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಅದು ಸೇರಿದರೆ ವಿಷದ ಗಾಳಿ ಏಳುತ್ತದೆ.

ಬಟ್ಟೆ ಒಣಗಿಸುವುದು ಇದಕ್ಕಿಂತ ದೊಡ್ಡ ಕೆಲಸ. ಸೀಸನ್‌ನಲ್ಲಿ ಮಂಚಕ್ಕೆ ಮೂರು ಜೊತೆ ಬೆಡ್‌ಶೀಟು ಸಾಕಾದರೆ ಈಗ ಐದು ಬೇಕು. ಹತ್ತು ಅಡಿ ಚದರದ ಒಂದು ಕೋಣೆಯಲ್ಲಿ ಹಗ್ಗ ಕಟ್ಟಿ, ದಿನಕ್ಕೆ 20 ಲೀಟರ್ ನೀರು ಎಳೆಯುವ ಡಿಹ್ಯುಮಿಡಿಫೈಯರ್ ಇಟ್ಟು, ಎದುರಿಗೊಂದು ಫ್ಯಾನು ಹಾಕಿ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿ. ಆರು ಗಂಟೆ ನಡೆದರೂ ಯಂತ್ರಕ್ಕೆ ಎರಡು ಯೂನಿಟ್ ಆಸುಪಾಸು. ಕಿಟಕಿ ತೆರೆದಿಟ್ಟರೆ ಅದು ಹೊರಗಿನ ಗಾಳಿಯ ನೀರನ್ನೇ ಎಳೆಯುತ್ತ ಕೂರುತ್ತದೆ, ಬಟ್ಟೆ ಹಾಗೆಯೇ ಇರುತ್ತದೆ. ಬಚ್ಚಲ ಒಲೆಯ ಮೇಲೆ ಬಟ್ಟೆ ಹರವುವುದು ನಮ್ಮ ಬಳಕೆಗೆ ಅಡ್ಡಿಯಿಲ್ಲ. ಹೊಗೆ ವಾಸನೆಯ ಟವೆಲ್ಲನ್ನು ಬಂದವರಿಗೆ ಕೊಡುವಂತಿಲ್ಲ.

ಮುಚ್ಚಿದ ರೂಮಿನ ಎಸಿಯ ಹೊರಘಟಕವನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಹೋಗಿಸಿ, ಎಂಸಿಬಿ ಇಳಿಸಿ, ಮೇಲ್ಭಾಗಕ್ಕೆ ಮಾತ್ರ ಶೀಟು ಮುಚ್ಚಿ. ಪೂರ್ತಿ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ನಿಂತು ತುಕ್ಕು ಇನ್ನೂ ಬೇಗ. ಟಾಯ್ಲೆಟ್ ಗುಂಡಿಯನ್ನು ಮೇ ತಿಂಗಳಲ್ಲೇ ಖಾಲಿ ಮಾಡಿಸಬೇಕು: ಜೂನ್ ಕೊನೆಗೆ ನೆಲದ ನೀರು ಮೇಲೆ ಬಂದಾಗ ಇಂಗುಗುಂಡಿ ಇಂಗುವುದಿಲ್ಲ, ಕಮೋಡಿನಲ್ಲಿ ನೀರು ನಿಲ್ಲುತ್ತದೆ, ಆಗ ಗಾಡಿ ಅಂಗಳಕ್ಕೆ ಬರುವುದೂ ಕಷ್ಟ. ಬಾವಿಗೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್; ಎರಡೂವರೆ ಮೀಟರ್ ಅಗಲ, ನಾಲ್ಕು ಮೀಟರ್ ನೀರಿನ ಬಾವಿಯಾದರೆ ಸುಮಾರು 50 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಗಸಿ ಬಿಟ್ಟು ತಿಳಿಯನ್ನು ಮಾತ್ರ ರಾತ್ರಿ ಹಾಕಿದರೆ ಬೆಳಿಗ್ಗೆಗೆ ಸರಿಯಾಗುತ್ತದೆ.

ದರದ ಬದಲು ಕೊಡಬಹುದಾದದ್ದು ಬೇರೆ ಇದೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾ, ಗೋಕರ್ಣ ರೋಡ್ ನಿಲ್ದಾಣಗಳಿಗೆ ಬರುವುದು ಬೆಳಿಗ್ಗೆ. ಮಳೆಗಾಲದಲ್ಲಿ ಹೇಗೂ ರೂಮು ಖಾಲಿ. ಬಂದ ಕೂಡಲೇ ಬೀಗದ ಕೈ ಕೊಟ್ಟುಬಿಡಿ. 300 ರೂಪಾಯಿ ರಿಯಾಯಿತಿಗಿಂತ ಆ ಬೆಳಗಿನ ಸ್ನಾನ, ಬಿಸಿ ಕಷಾಯ ಅವರಿಗೆ ದೊಡ್ಡದು. ಜೂನ್‌ನಿಂದ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಬರುವುದರಿಂದ ಸಮಯ ಬದಲಾಗಿರುತ್ತದೆ, ಅದನ್ನು ನೋಡಿ ಆಟೋ ಹೇಳಿಡಿ.

ರಸ್ತೆಯ ಭಯಕ್ಕೆ ಕಾರಣವಿದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಅದನ್ನು ಮುಚ್ಚಿಟ್ಟು ಬುಕಿಂಗ್ ತರಬಾರದು. ಬರುವ ಮೂರು ದಿನ ಮೊದಲು ನಾವು ಸಂದೇಶ ಕಳಿಸುತ್ತೇವೆ: ಶಿರಸಿ ಕಡೆಯಿಂದ ದೇವಿಮನೆ ಘಟ್ಟ, ಹುಬ್ಬಳ್ಳಿಯಿಂದ ಅರಬೈಲ್, ಸಾಗರದಿಂದ ಗೇರುಸೊಪ್ಪೆ, ಇವುಗಳಲ್ಲಿ ಯಾವುದು ಈಗ ತೆರೆದಿದೆ, ಕತ್ತಲಾಗುವ ಮೊದಲು ಘಟ್ಟ ಇಳಿಯಿರಿ ಎಂದು. ಹವಾಮಾನ ಇಲಾಖೆ ಜಿಲ್ಲೆಗೆ ರೆಡ್ ಅಲರ್ಟ್ ಕೊಟ್ಟರೆ ಅಥವಾ ರಸ್ತೆ ಮುಚ್ಚಿದರೆ ಒಂದು ವರ್ಷದೊಳಗೆ ಯಾವ ದಿನಕ್ಕಾದರೂ ಬದಲಿಸಿಕೊಳ್ಳಬಹುದು, ಪೂರ್ತಿ ಹಣ ಬೇಕೆಂದರೆ ಅದೂ ಸರಿ. ಈ ಮಾತು ಬುಕಿಂಗ್ ಪುಟದಲ್ಲಿ ಮೊದಲೇ ಇದ್ದರೆ ಜನ ಮುಂಗಡ ಕೊಡಲು ಹೆದರುವುದಿಲ್ಲ. “ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವಂತಿಲ್ಲ, ಬೋಟಿಂಗ್ ಇಲ್ಲ” ಎಂಬುದೂ ಅಲ್ಲೇ ಇರಲಿ. ಆ ಪುಟದಿಂದ ನೀಲಿ ಸಮುದ್ರದ ಫೋಟೊ ತೆಗೆದುಹಾಕಿ, ಅದರ ಬದಲು ಹಾವಸೆ ಹಿಡಿದು ಹಸಿರಾದ ಮಿರ್ಜಾನ್ ಕೋಟೆ, ಅಪ್ಸರಕೊಂಡದ ಅಬ್ಬಿ, ಮಳೆ ಸುರಿಯುವ ಜಗಲಿ ಹಾಕಿ.

ಊಟದ ವಿಷಯವೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ. ಅಂಜಲ್, ಪಾಂಪ್ಲೆಟ್ ಸಿಗುತ್ತದೆಂದು ಹೇಳಿಕೊಳ್ಳಬೇಡಿ. ಒಣಮೀನು, ಹೊಳೆಮೀನು, ಪತ್ರೊಡೆ, ಕಳಲೆ, ಅಪ್ಪೆಹುಳಿ, ಹಲಸಿನ ಹಪ್ಪಳ ಇವೆಯಲ್ಲ. ಹಿಂದಿನ ದಿನ ಸಂಜೆ ನಾಲ್ಕರೊಳಗೆ ಹೇಳಿದರೆ ಮಾತ್ರ ಎಂಬ ನಿಯಮ ಇಟ್ಟರೆ ಸಾಮಾನು ಹಾಳಾಗುವುದಿಲ್ಲ.

ಚೌತಿಯ ಎರಡು-ಮೂರು ದಿನ ಕ್ಯಾಲೆಂಡರ್ ಪೂರ್ತಿ ಮುಚ್ಚಿ. ಬೇಡಿಕೆ ಇರುತ್ತದೆ ನಿಜ, ಕೆಲಸದವರು ಯಾರೂ ಬರುವುದಿಲ್ಲ, ಬರುವಂತೆ ಕೇಳುವುದೂ ಸರಿಯಲ್ಲ. ಆಗಸ್ಟ್ 15ರ ಆಸುಪಾಸಿನ ರಜೆಗೆ ಮಾತ್ರ ಸೀಸನ್ ದರವೇ ಇರಲಿ. ಪಡುವಣದ ರೂಮುಗಳನ್ನು ಸೆಪ್ಟೆಂಬರ್ ಕೊನೆಯ ವಾರ ತೆರೆದು, ನಾಲ್ಕು ದಿನ ಗಾಳಿಯಾಡಿಸಿ, ತೇವಾಂಶದ ಮೀಟರ್ 65ರ ಕೆಳಗೆ ನಿಂತ ಮೇಲೆ ಬಣ್ಣ, ಆಮೇಲೆ ಹಾಸಿಗೆ. ದಸರಾ ರಜೆಯ ದರವನ್ನು ಆಗಸ್ಟ್‌ನಲ್ಲೇ ಹಾಕಿಡಬೇಕು. ಮಳೆಗಾಲದ ದರ ಅಕ್ಟೋಬರ್ ತಾರೀಖುಗಳ ಮೇಲೂ ಉಳಿದುಬಿಟ್ಟರೆ ಬೇಗ ನೋಡಿದವರು ಆ ದರಕ್ಕೇ ಹಿಡಿದುಬಿಡುತ್ತಾರೆ.