ಕಬ್ಬಿನ ಗದ್ದೆಯ ಮಾಹಿತಿಗೆ ಆಂಟಾಲಜಿ ಕಟ್ಟುವುದು ಹೇಗೆ?

ಮಂಡ್ಯ ಜಿಲ್ಲೆಯ ಒಂದು ರೈತ ಉತ್ಪಾದಕರ ಸಂಘ ತನ್ನ ಸದಸ್ಯರ ಕಬ್ಬಿನ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಹೊರಟಿದೆ ಎಂದುಕೊಳ್ಳೋಣ. ಒಂದು ಹಾಳೆಯಲ್ಲಿ ತಳಿಯ ಹೆಸರು ‘ಸಿಒ 62175’ ಎಂದಿದೆ, ಇನ್ನೊಂದರಲ್ಲಿ ಬರೀ ‘62175’ ಎಂದಿದೆ, ಮತ್ತೊಂದರಲ್ಲಿ ತಳಿಯ ಅಂಕಣದಲ್ಲೇ ‘ಕೂಳೆ’ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಎಂದು ಬರೆದಿದ್ದಾರೆ. ಊರಿನವರಿಗೆ ಮೂರೂ ಅರ್ಥವಾಗುತ್ತವೆ, ಯಂತ್ರಕ್ಕೆ ಆಗುವುದಿಲ್ಲ. ಒಂದು ಕ್ಷೇತ್ರದಲ್ಲಿ ಯಾವ ಬಗೆಯ ಸಂಗತಿಗಳಿವೆ, ಅವುಗಳ ನಡುವೆ ಎಂಥ ಸಂಬಂಧಗಳಿವೆ ಎಂಬುದನ್ನು ಯಂತ್ರವೂ ತರ್ಕಿಸಬಲ್ಲಷ್ಟು ಖಚಿತವಾಗಿ ಬರೆದಿಡುವ ವಿವರಣೆಗೆ ಆಂಟಾಲಜಿ ಎನ್ನುತ್ತಾರೆ. ಇದನ್ನು ಬರೆಯಲು ವರ್ಲ್ಡ್ ವೈಡ್ ವೆಬ್ ಒಕ್ಕೂಟ 2004ರಲ್ಲಿ ‘ಔಲ್’ ಎಂಬ ಭಾಷೆಯನ್ನು ಮಾನಕವಾಗಿ ಪ್ರಕಟಿಸಿತು. ಅದರ ಎರಡನೆಯ ಆವೃತ್ತಿ 2009ರಲ್ಲಿ ಬಂತು.

ಪದಗಳ ಪಟ್ಟಿಯಿಂದ ಆರಂಭಿಸಬೇಡಿ, ಪ್ರಶ್ನೆಗಳಿಂದ ಆರಂಭಿಸಿ. ಈ ಉಪನಾಲೆಯಲ್ಲಿ ನೀರು ನಿಲ್ಲಿಸಿದರೆ ಯಾರ ಜಮೀನಿಗೆ ತೊಂದರೆಯಾಗುತ್ತದೆ? ಒಂದೇ ತಳಿಯ ತನಿ ಬೆಳೆಗೂ (ಹೊಸದಾಗಿ ತುಂಡು ನೆಟ್ಟು ಬೆಳೆದದ್ದು) ಕೂಳೆ ಬೆಳೆಗೂ ಇಳುವರಿಯಲ್ಲಿ ಎಷ್ಟು ಅಂತರವಿದೆ? ಮುಂದಿನ ತಿಂಗಳು ಯಾವ ಗದ್ದೆಗಳು ಕಟಾವಿಗೆ ಬರುತ್ತವೆ? ಇಂಥ ಹತ್ತು ಹನ್ನೆರಡು ಪ್ರಶ್ನೆಗಳನ್ನು ಲೆಕ್ಕ ಬರೆಯುವವರ ಮತ್ತು ಬೆಳೆಗಾರರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಯಾವ ಪ್ರಶ್ನೆಗೂ ಬೇಕಾಗದ ವಿವರ, ಎಷ್ಟೇ ಸ್ವಾರಸ್ಯಕರವಾಗಿದ್ದರೂ, ಸದ್ಯಕ್ಕೆ ಹೊರಗಿರಲಿ.

ಆಮೇಲೆ ಈಗಾಗಲೇ ಸಿದ್ಧವಿರುವುದನ್ನು ಹುಡುಕಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಆಗ್ರೋವಾಕ್’ ಎಂಬ ಬಹುಭಾಷಾ ಪದಕೋಶದಲ್ಲಿ ಬೆಳೆ, ರೋಗ, ಗೊಬ್ಬರಗಳಿಗೆ ಗುರುತುಗಳಿವೆ. ನಿಮ್ಮ ಕಬ್ಬನ್ನು ಅಲ್ಲಿನ ಕಬ್ಬಿನ ಗುರುತಿಗೆ ಜೋಡಿಸಿದರೆ ಸಾಕು.

ಮೂರನೆಯ ಹೆಜ್ಜೆ ವರ್ಗಗಳನ್ನು ಬೇರ್ಪಡಿಸುವುದು. ನಿಮ್ಮ ಸಮಯದ ಬಹುಪಾಲನ್ನು ಇದಕ್ಕೇ ಕೊಡಿ. ತಳಿ, ಜಮೀನು, ಬೆಳೆ ಈ ಮೂರೂ ಬೇರೆ ಬೇರೆ. ಸಿಒ 62175 ಮತ್ತು ಸಿಒ 86032 ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನಾ ಸಂಸ್ಥೆಯಿಂದ ಬಂದ ತಳಿಗಳು. ಒಂದು ಸರ್ವೆ ನಂಬರಿನ ಇಷ್ಟು ಗುಂಟೆ ಎಂಬುದು ಜಮೀನು. ಆ ಜಮೀನಿನಲ್ಲಿ, ಆ ತಳಿ, ಒಂದು ದಿನಾಂಕದಿಂದ ಕಟಾವಿನವರೆಗೆ ನಿಂತಿರುವುದು ಬೆಳೆ. ಕೂಳೆ ಎಂಬುದು ತಳಿಯ ಬಗೆ ಅಲ್ಲವೇ ಅಲ್ಲ. ಯಾವ ತಳಿಯನ್ನಾದರೂ ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿ ಬಂದರೆ ಅದು ಕೂಳೆ. ಹಾಗಾಗಿ ‘ಇನ್ನೊಂದು ಬೆಳೆಯ ಬುಡದಿಂದ ಚಿಗುರಿದ ಬೆಳೆಯೇ ಕೂಳೆ ಬೆಳೆ’ ಎಂದು ವರ್ಗವನ್ನು ವ್ಯಾಖ್ಯಾನಿಸಿ. ಹೀಗೆ ಬರೆದರೆ, ತರ್ಕಯಂತ್ರ ಎಂಬ ತಂತ್ರಾಂಶವು ಹಿಂದಿನ ಬೆಳೆಯ ಕೊಂಡಿಯನ್ನು ನೋಡಿ, ಯಾವುದು ಕೂಳೆ ಎಂಬುದನ್ನು ತಾನೇ ಗುರುತಿಸುತ್ತದೆ. ಯಾರೂ ಕೈಯಲ್ಲಿ ಗುರುತು ಹಾಕಬೇಕಾಗಿಲ್ಲ.

ಇದೇ ಜಾಣತನವನ್ನು ತನಿ ಬೆಳೆಗೆ ಬಳಸಲಾಗದು. ಔಲ್ ಭಾಷೆಯಲ್ಲಿ ಬರೆಯದೆ ಬಿಟ್ಟದ್ದು ಸುಳ್ಳೆಂದು ಅರ್ಥವಲ್ಲ, ತಿಳಿದಿಲ್ಲವೆಂದಷ್ಟೇ ಅರ್ಥ. ಹಿಂದಿನ ಬೆಳೆಯ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಂತ್ರ ಅದನ್ನು ತನಿ ಎಂದು ತೀರ್ಮಾನಿಸುವುದಿಲ್ಲ. ತನಿ ಎಂಬುದನ್ನು ಬಿತ್ತನೆಯ ತುಂಡು ನೆಟ್ಟ ದಿನವೇ ನೇರವಾಗಿ ದಾಖಲಿಸಿ, ತನಿ ಮತ್ತು ಕೂಳೆ ಒಂದೇ ಬೆಳೆಗೆ ಸೇರಲಾರವು ಎಂದೂ ಘೋಷಿಸಿ.

ಇನ್ನು ಸಂಬಂಧಗಳು. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆ, ಅದರಿಂದ ಉಪನಾಲೆ, ಉಪನಾಲೆಯಿಂದ ತೂಬು, ತೂಬಿನಿಂದ ಜಮೀನು ಎಂದು ನೀರು ಇಳಿಯುತ್ತದೆ. ಉಪನಾಲೆಯನ್ನು ನಾಲೆಯ ‘ಉಪವರ್ಗ’ವೆಂದು ಬರೆಯುವ ಆಸೆ ಬರುತ್ತದೆ, ಆದರೆ ಇಲ್ಲಿ ಹೇಳಬೇಕಿರುವುದು ಬಗೆಯನ್ನಲ್ಲ, ನೀರಿನ ದಾರಿಯನ್ನು. ‘ನೀರು ಪಡೆಯುತ್ತದೆ’ ಎಂಬುದನ್ನು ಸಂಕ್ರಾಮಕ ಸಂಬಂಧವಾಗಿ, ಅಂದರೆ ಒಂದು ಎರಡನೆಯದರಿಂದ, ಎರಡನೆಯದು ಮೂರನೆಯದರಿಂದ ಪಡೆದರೆ ಮೊದಲನೆಯದು ಮೂರನೆಯದರಿಂದಲೂ ಪಡೆದಂತೆ ಎಂದು ಘೋಷಿಸಿ, ಅದರ ಒಳಗೆ ‘ನೇರವಾಗಿ ನೀರು ಪಡೆಯುತ್ತದೆ’ ಎಂಬ ಉಪಸಂಬಂಧವನ್ನಿಡಿ. ನೀವು ನೇರ ಕೊಂಡಿಗಳನ್ನು ಮಾತ್ರ ತುಂಬಿದರೆ ಸಾಕು, ಕಟ್ಟಕಡೆಯ ಗದ್ದೆ ಯಾವ ಉಪನಾಲೆಯನ್ನು ನೆಚ್ಚಿಕೊಂಡಿದೆ ಎಂಬುದು ತರ್ಕದಿಂದಲೇ ಹೊರಬರುತ್ತದೆ.

ಸಂಬಂಧಕ್ಕೆ ವ್ಯಾಪ್ತಿ ಹಾಕುವಾಗ, ಅಂದರೆ ಅದು ಯಾವ ವರ್ಗಕ್ಕೆ ಅನ್ವಯಿಸುತ್ತದೆ ಎಂದು ಬರೆಯುವಾಗ, ಎಚ್ಚರ ಬೇಕು. ‘ಬೆಳೆಯುತ್ತಾರೆ’ ಎಂಬುದರ ಕರ್ತೃ ‘ರೈತ’ ಎಂದು ಬರೆದಿಟ್ಟರೆ, ಪ್ರಯೋಗಕ್ಕೆ ಕಬ್ಬು ಬೆಳೆದ ಸಂಶೋಧನಾ ಕೇಂದ್ರವನ್ನು ಯಂತ್ರ ತಪ್ಪೆಂದು ತಡೆಯುವುದಿಲ್ಲ, ಅದೂ ಒಬ್ಬ ರೈತನೇ ಎಂದು ತೀರ್ಮಾನಿಸಿಬಿಡುತ್ತದೆ. ತಪ್ಪು ದಾಖಲೆಯನ್ನು ಹಿಡಿಯುವುದು ನಿಮ್ಮ ಉದ್ದೇಶವಾದರೆ ದಾಖಲೆಗಳು ನಿಯಮಕ್ಕೆ ಹೊಂದುತ್ತವೆಯೇ ಎಂದು ಪರೀಕ್ಷಿಸಲೆಂದೇ ಇರುವ, 2017ರಲ್ಲಿ ಮಾನಕವಾದ ‘ಷೇಕಲ್’ ಭಾಷೆಯನ್ನು ಬಳಸಿ. ಎಕರೆ-ಗುಂಟೆ ನಮೂದಿಸದ ಜಮೀನನ್ನು ಅದು ತೋರಿಸಿಕೊಡುತ್ತದೆ.

ಕಟ್ಟಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉಚಿತ ತಂತ್ರಾಂಶ ‘ಪ್ರೊಟೆಜೆ’ ಸಾಕು. ಪ್ರತಿಯೊಂದಕ್ಕೂ ಅಂಕಿಯ ಗುರುತು ಕೊಟ್ಟು, ಕನ್ನಡದ ಹೆಸರುಗಳನ್ನು ಭಾಷೆಯ ಸೂಚಿಯೊಂದಿಗೆ ಅಂಟಿಸಿ; ‘ಸಿಒ 62175’, ‘62175’ ಎರಡೂ ಒಂದೇ ಗುರುತಿನ ಹೆಸರುಗಳಾಗುತ್ತವೆ. ಹತ್ತಾರು ಬೆಳೆಗಳನ್ನು ತುಂಬಿ, ತರ್ಕಯಂತ್ರ ಓಡಿಸಿ, ಮೊದಲು ಬರೆದಿಟ್ಟ ಪ್ರಶ್ನೆಗಳನ್ನು, ಇಂಥ ದತ್ತಾಂಶವನ್ನು ಪ್ರಶ್ನಿಸಲೆಂದೇ ಇರುವ ‘ಸ್ಪಾರ್ಕಲ್’ ಭಾಷೆಯಲ್ಲಿ ಒಂದೊಂದಾಗಿ ಕೇಳಿ. ಉತ್ತರ ಬಾರದ ಪ್ರಶ್ನೆ ಎಲ್ಲಿ ಕೊಂಡಿ ಕಾಣೆಯಾಗಿದೆ ಎಂಬುದನ್ನು ತೋರಿಸುತ್ತದೆ. ಉಳಿದ ಗದ್ದೆಗಳನ್ನು ತುಂಬುವ ಮೊದಲೇ ಅದನ್ನು ಸರಿಪಡಿಸಿ. ಮುಂದೆ ಯಾವುದಾದರೂ ತಳಿ ಬಳಕೆ ತಪ್ಪಿದರೂ ಅದರ ಗುರುತನ್ನು ಅಳಿಸಬೇಡಿ, ‘ಚಾಲ್ತಿಯಲ್ಲಿಲ್ಲ’ ಎಂದು ಗುರುತಿಸಿ. ಹಳೆಯ ವರ್ಷಗಳ ಇಳುವರಿ ಇನ್ನೂ ಅದಕ್ಕೇ ಜೋಡಿಕೊಂಡಿರುತ್ತದೆ.