ಮಳೆಗಾಲದಲ್ಲಿ ಹಾವಿನ ಹೊಟ್ಟೆ ನೋಡಿ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ತಮ್ಮ ಬೆಂಗಳೂರಲ್ಲಿ ಬಾಲ್ ಪೈಥಾನ್ ಅನ್ನುವ ಒಂದು ಹೊರದೇಶದ ಹೆಬ್ಬಾವು ಸಾಕಿದ್ದ. ದುಬೈಯಲ್ಲಿ ಕೆಲಸ ಸಿಕ್ಕಿದ್ದೇ ತಡ, ಪೆಟ್ಟಿಗೆ ಸಮೇತ ತಂದು ನನಗೆ ಕೊಟ್ಟು ಹೋದ. ಸುತ್ತಿಕೊಂಡು ಕೂತರೆ ಥೇಟ್ ಚಕ್ಕುಲಿ. ಹೆಸರೂ ಅದೇ ಆಯಿತು. ಅಜ್ಜಿ ಈಗಲೂ ಆ ಕೋಣೆಗೆ ಕಾಲಿಡುವುದಿಲ್ಲ. ನಮ್ಮ ಕಡೆ ಮನುಷ್ಯರಿಗೆ ಚರ್ಮದ ಕಾಯಿಲೆ ಬಂದರೆ ನಾಗದೋಷ ಅಂತಾರಲ್ವಾ? ಹಾವಿಗೇ ಬಂದಾಗ ಯಾವ ದೋಷ ಅಂತ ಅಜ್ಜಿಗೂ ಹೊಳೆಯಲಿಲ್ಲ.

ದೋಷ ನನ್ನದೇ. ಪೊರೆ ಸರಿಯಾಗಿ ಬಿಡಬೇಕಾದರೆ ತೇವ ಬೇಕು, ದಿನಾ ನೀರು ಚಿಮುಕಿಸಿ ಅಂತ ವಿಡಿಯೋದಲ್ಲಿ ಹೇಳಿದ್ದರು. ಹೇಳಿದವರು ಚಳಿದೇಶದವರು. ಹೀಟರ್ ಹಾಕಿದ ಮನೆಯ ಒಣ ಗಾಳಿ ಅವರ ಕಷ್ಟ. ನಾನು ಜೂನ್ ತಿಂಗಳಲ್ಲಿ, ಗೋಡೆಯೇ ಬೆವರುವ ಮನೆಯಲ್ಲಿ, ಬೆಳಿಗ್ಗೆ ಸಂಜೆ ಚಿಮುಕಿಸಿದೆ.

ಮೊದಲು ಹೊಟ್ಟೆ ಗುಲಾಬಿಯಾಯಿತು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆ ಅಂತ ಸುಮ್ನಿದ್ದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಹುರುಪೆಗಳ ಅಂಚಿನಲ್ಲಿ ಚಹಾ ಕಲೆಯಂಥ ಕಂದು ಬಣ್ಣ. ನಾಲ್ಕೈದು ಕಡೆ ಸಾಸಿವೆ ಗಾತ್ರದ ನೀರುಗುಳ್ಳೆ. ವ್ಯತ್ಯಾಸ ಇಷ್ಟೇ ನೋಡಿ: ಪೊರೆಯ ಗುಲಾಬಿ ಹೊಟ್ಟೆ ತುಂಬ ಒಂದೇ ಸಮ ಇರುತ್ತದೆ, ಜೊತೆಗೆ ಕಣ್ಣು ಹಾಲಿನ ಹಾಗೆ ಮಸುಕಾಗುತ್ತದೆ, ಪೊರೆ ಬಿಟ್ಟ ಮೇಲೆ ಹೋಗುತ್ತದೆ. ಚಕ್ಕುಲಿಗೆ ಬಂದದ್ದು ಹುರುಪೆ ಕೊಳೆಯುವ ಕೊಳೆರೋಗ. ಅದು ತೇಪೆ ತೇಪೆಯಾಗಿ ಬರುತ್ತದೆ, ಉಬ್ಬುತ್ತದೆ, ಕೆಲವೊಮ್ಮೆ ವಾಸನೆಯೂ ಬರುತ್ತದೆ. ಕೊಳೆರೋಗ ಅಂದರೆ ನಮಗೆ ಅಡಿಕೆಯದ್ದೇ ನೆನಪು. ಇಲ್ಲಿಯೂ ಕಾರಣ ಆರದ ತೇವವೇ.

ಹತ್ತಿರದ ಡಾಕ್ಟರು ದನ ಆದರೆ ತನ್ನಿ ಅಂದುಬಿಟ್ಟರು. ದಿಂಬಿನ ಕವರಿನಲ್ಲಿ ಹಾಕಿ ಮಂಗಳೂರಿಗೆ ಒಯ್ದೆ. ಇಂಜೆಕ್ಷನ್, ಮುಲಾಮು. ಎರಡು ಸಲ ಪೊರೆ ಬಿಟ್ಟ ಮೇಲೆ ಹೊಟ್ಟೆ ಮೊದಲಿನಂತಾಯಿತು. ಗುಳ್ಳೆ ಒಡೆಯಬೇಡಿ. ಅರಿಶಿನ, ತೆಂಗಿನೆಣ್ಣೆ ಹಚ್ಚಬೇಡಿ. ಗುಳ್ಳೆ ಕಂಡರೆ ಹಾವು ನೋಡಿ ಗೊತ್ತಿರುವ ಡಾಕ್ಟರೇ ಬೇಕು.

ಈಗ ನನ್ನ ಕ್ರಮ ಹೀಗೆ. ಪೆಟ್ಟಿಗೆಯೊಳಗೆ ತೇವ ಅಳೆಯುವ ಮೀಟರ್ ಇದೆ. ಶೇಕಡಾ 60ರ ಆಸುಪಾಸು ಸಾಕು, ಪೊರೆಯ ಹೊತ್ತಿಗೆ 70 ಆದರೂ ಸರಿ. ಮಳೆ ಹಿಡಿದರೆ ಚಿಮುಕಿಸುವುದು ಬಂದ್. ನೀರಿನ ಬಟ್ಟಲು ತಂಪಿನ ಬದಿಗೆ, ಅರ್ಧ ಮಾತ್ರ. ತೆಂಗಿನ ಸಂಶೋಧನಾ ಕೇಂದ್ರವೇ ಇರುವ ಜಿಲ್ಲೆ ನಮ್ಮದು, ಪೆಟ್ಟಿಗೆಯ ತಳಕ್ಕೆ ಹಾಸಲು ನಾರಿನ ಹುಡಿಗೇನೂ ಬರವಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಒಂದು ಹನಿಯೂ ಇಳಿಯಬಾರದು. ಜಡಿಮಳೆಯಲ್ಲಿ ಅದೂ ಬೂಸಲು ಹಿಡಿಯುತ್ತದೆ, ಆಗ ಹಳೇ ಪೇಪರೇ ವಾಸಿ. ಒದ್ದೆಯಾದ ತಕ್ಷಣ ಎತ್ತಿ ಬಿಸಾಡಬಹುದು. ವಾರಕ್ಕೊಮ್ಮೆ ಚಕ್ಕುಲಿಯನ್ನು ಎತ್ತಿ, ಹೊಟ್ಟೆಯನ್ನು ಬೆಳಕಿಗೆ ಹಿಡಿಯುತ್ತೇನೆ.

ಬಿಟ್ಟ ಪೊರೆಯನ್ನು ಎಸೆಯುವ ಮುಂಚೆ ಓದಬೇಕು. ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಬಂದರೆ ಒಳ್ಳೆಯದು. ತಲೆಯ ಕಡೆ ಎರಡು ಕಣ್ಣಿನ ಮುಚ್ಚಳ ಇದೆಯಾ ನೋಡಿ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಹುರುಪೆ ಇದೆ, ಅದೂ ಪೊರೆಯ ಜೊತೆ ಕಳಚಬೇಕು. ಉಳಿದುಬಿಟ್ಟರೆ ಉಗುರು, ಚಿಮಟ ಹಾಕಲೇಬೇಡಿ, ಕಣ್ಣೇ ಹೋದೀತು. ಬಾಲದ ತುದಿಯನ್ನೂ ನೋಡಿ. ಅಲ್ಲಿ ಬಳೆಯ ಹಾಗೆ ಉಳಿದ ಪೊರೆ ಬಿಗಿದರೆ ರಕ್ತ ಓಡದೆ ತುದಿ ಸಾಯುತ್ತದೆ. ಒದ್ದೆ ಟವೆಲಿನ ಮಡಿಕೆಯೊಳಗೆ ಇಪ್ಪತ್ತು ನಿಮಿಷ ಹರಿದಾಡಲು ಬಿಟ್ಟರೆ ಹೆಚ್ಚಾಗಿ ತಾನಾಗಿ ಬಿಡುತ್ತದೆ. ನೀರು ಉಗುರುಬೆಚ್ಚಗೆ ಸಾಕು.

ಹಾವು ಇಡೀ ದಿನ ನೀರಿನ ಬಟ್ಟಲಲ್ಲೇ ಬಿದ್ದಿದ್ದರೆ ನುಸಿ ಇದೆಯಾ ಅಂತ ಅನುಮಾನಪಡಿ. ಕರಿ ಚುಕ್ಕಿಯಂಥವು, ಕಣ್ಣಿನ ಸುತ್ತ, ಗದ್ದದ ಗೀರಿನಲ್ಲಿ, ನೀರಿನ ತಳದಲ್ಲಿ ಕಾಣುತ್ತವೆ. ಬಿಳಿ ಬಟ್ಟೆಯಲ್ಲಿ ಸವರಿದರೆ ಗೊತ್ತಾಗುತ್ತದೆ. ಮೊಟ್ಟೆ ಇಡುವುದು ಪೆಟ್ಟಿಗೆಯ ಸಂದಿಯಲ್ಲಿ. ಹಾಗಾಗಿ ಹಾವಿಗೆ ಮಾತ್ರ ಮದ್ದು ಮಾಡಿದರೆ ಮತ್ತೆ ಬರುತ್ತವೆ. ನಾಯಿಯ ಉಣ್ಣಿ ಪೌಡರ್, ನುಸಿಗುಳಿಗೆ ಎರಡೂ ಬೇಡ. ಹೊಸ ಹಾವು ತಂದರೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು, ಬೇರೆ ಕೋಣೆಯಲ್ಲಿಡಿ.

ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಸುಡುತ್ತದೆ. ಸುಡುತ್ತಿದ್ದರೂ ಹಾವು ಎಷ್ಟೋ ಸಲ ಎದ್ದು ಹೋಗುವುದಿಲ್ಲ. ಬೆಚ್ಚಗಿನ ಬದಿ 32 ಡಿಗ್ರಿ ದಾಟಬಾರದು. ಜೀವಂತ ಇಲಿ ಹಾಕಿದರೆ ಅದೇ ಹಾವನ್ನು ಕಚ್ಚುತ್ತದೆ, ಗಾಯ ಕೀವಾಗುತ್ತದೆ.

ಇದನ್ನು ಓದಿ ತೋಟದ ಕೇರೆಯನ್ನು ಹಿಡಿದು ತರಬೇಡಿ. ನಾಗರ, ಕೇರೆ, ನಮ್ಮ ಹೆಬ್ಬಾವು ಯಾವುದನ್ನೂ 1972ರ ವನ್ಯಜೀವಿ ಕಾನೂನಿನ ಪ್ರಕಾರ ಸಾಕುವ ಹಾಗಿಲ್ಲ. ಮನೆಗೆ ನುಗ್ಗಿದರೆ ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್ ಇದೆ. ಚಕ್ಕುಲಿ ಹೊರದೇಶದ ಜಾತಿ. ತಮ್ಮ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿ, ನನಗೆ ಕೊಟ್ಟದ್ದನ್ನೂ ದಾಖಲಿಸಿದ್ದಾನೆ.

ಮೊನ್ನೆ ಪೊರೆ ಇಡಿಯಾಗಿ ಬಂತು, ಎರಡೂ ಕಣ್ಣು ಸೇರಿ. ವಿಡಿಯೋ ಕಾಲ್‌ನಲ್ಲಿ ತಮ್ಮನಿಗೆ ಹಿಡಿದು ತೋರಿಸಿದೆ. ‘ಇಷ್ಟುದ್ದ ಬೆಳೆದನಾ ಅಕ್ಕಾ!’ ಅಂದ. ‘ಕಳಚುವಾಗ ಪೊರೆ ಹಿಗ್ಗುತ್ತದೆ ಮಾರಾಯ, ಹಾವು ಅಷ್ಟಿಲ್ಲ’ ಅಂದೆ.