ಸ್ಲೈಡಿನ ಪಕ್ಕದಲ್ಲೇ ಮಾತು: ಒನ್‌ನೋಟ್‌ನಲ್ಲಿ ಉಪನ್ಯಾಸದ ಟಿಪ್ಪಣಿ

ಸ್ಲೈಡ್‌ಗಳ ಕಡತ ಒಂದು ಫೋಲ್ಡರಿನಲ್ಲಿ, ಒಂದು ಗಂಟೆಯ ಧ್ವನಿಮುದ್ರಣ ಇನ್ನೊಂದು ಫೋಲ್ಡರಿನಲ್ಲಿ ಉಳಿದುಬಿಟ್ಟರೆ ಅವೆರಡೂ ಅರ್ಧಂಬರ್ಧ ಉಪಯೋಗಕ್ಕಷ್ಟೇ ಬರುತ್ತವೆ. ಹದಿನೇಳನೆಯ ಸ್ಲೈಡಿನ ಚಿತ್ರಕ್ಕೆ ಉಪನ್ಯಾಸಕರು ಕೊಟ್ಟ ವಿವರಣೆಯನ್ನು ಮತ್ತೆ ಕೇಳಬೇಕಾದಾಗ ಇಡೀ ಮುದ್ರಣವನ್ನು ಹಿಂದೆ ಮುಂದೆ ಎಳೆದಾಡಿ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಈ ತೊಂದರೆಯನ್ನು ತಪ್ಪಿಸುವ ಸೌಲಭ್ಯ ಮೈಕ್ರೋಸಾಫ್ಟ್‌ನ ಟಿಪ್ಪಣಿ ತಂತ್ರಾಂಶವಾದ ಒನ್‌ನೋಟ್‌ನಲ್ಲಿದೆ. ಮುದ್ರಣ ನಡೆಯುತ್ತಿರುವಾಗ ನೀವು ಟೈಪ್ ಮಾಡುವ ಟಿಪ್ಪಣಿಗೂ ಆ ಕ್ಷಣದ ಧ್ವನಿಗೂ ಅದು ಕೊಂಡಿ ಹಾಕಿಡುತ್ತದೆ. ಐಪ್ಯಾಡ್ ಬಳಸುವವರಿಗೆ ನೋಟಬಿಲಿಟಿ ಎಂಬ ಆ್ಯಪ್‌ನಲ್ಲಿಯೂ ಇಂಥದೇ ವ್ಯವಸ್ಥೆ ಇದೆ. ಇಲ್ಲಿ ಹೇಳುತ್ತಿರುವ ಕ್ರಮ ವಿಂಡೋಸ್ ಕಂಪ್ಯೂಟರಿನ ಒನ್‌ನೋಟ್‌ಗೆ ಸಂಬಂಧಿಸಿದ್ದು.

ಮೊದಲು ಸ್ಲೈಡ್‌ಗಳನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಪವರ್‌ಪಾಯಿಂಟ್ ಕಡತವನ್ನು ನೇರವಾಗಿಯೂ ಸೇರಿಸಬಹುದಾದರೂ ಅದಕ್ಕೆ ಅದೇ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಇರಬೇಕಾಗುತ್ತದೆ. ಒಂದರ ಮೇಲೊಂದು ಮೂಡಿಬರುವಂತೆ ಆನಿಮೇಶನ್ ಹಾಕಿದ ಸ್ಲೈಡ್‌ಗಳಿದ್ದರೆ ಅವುಗಳನ್ನು ಪಿಡಿಎಫ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎಲ್ಲ ಪದರಗಳೂ ಒಂದೇ ಚಿತ್ರದಲ್ಲಿ ಕಲಸಿಹೋಗಿರುವುದುಂಟು. ಬಳಿಕ ಒನ್‌ನೋಟ್‌ನಲ್ಲಿ ಹೊಸ ಪುಟ ತೆರೆದು, ಇನ್ಸರ್ಟ್ ಟ್ಯಾಬಿನಲ್ಲಿರುವ ಫೈಲ್ ಪ್ರಿಂಟ್‌ಔಟ್ ಒತ್ತಿ, ಆ ಕಡತವನ್ನು ಆರಿಸಿದರೆ ಸ್ಲೈಡ್‌ಗಳು ಒಂದರ ಕೆಳಗೊಂದು ಚಿತ್ರಗಳಾಗಿ ಬಂದು ಕೂರುತ್ತವೆ. ಇವು ಆ ಹೊತ್ತಿನ ಪ್ರತಿಗಳು ಮಾತ್ರ. ಮೂಲ ಕಡತವನ್ನು ಆಮೇಲೆ ತಿದ್ದಿದರೆ ಇಲ್ಲಿ ಬದಲಾಗುವುದಿಲ್ಲ. ಬರೆಯುವ ಭರದಲ್ಲಿ ಚಿತ್ರ ಜರುಗದಂತೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಸೆಟ್ ಪಿಕ್ಚರ್ ಆ್ಯಸ್ ಬ್ಯಾಕ್‌ಗ್ರೌಂಡ್ ಎಂಬುದನ್ನು ಆರಿಸಬಹುದು.

ಧ್ವನಿ ಮುದ್ರಿಸಿಕೊಳ್ಳಲು ಉಪನ್ಯಾಸಕರ ಒಪ್ಪಿಗೆಯನ್ನು ಮೊದಲೇ ಕೇಳಿ. ಹತ್ತು ಸೆಕೆಂಡು ಮುದ್ರಿಸಿ, ಕೇಳಿಸಿಕೊಂಡು, ಮೈಕ್ ಸರಿಯಾಗಿದೆಯೆಂದು ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪಿನ ಒಳಗಿನ ಮೈಕ್ ಉಪನ್ಯಾಸಕರ ಮಾತಿಗಿಂತ ನಿಮ್ಮ ಕೀಲಿಮಣೆಯ ಸದ್ದನ್ನೇ ಹೆಚ್ಚು ಶ್ರದ್ಧೆಯಿಂದ ಹಿಡಿದಿಡುತ್ತದೆ, ಆದ್ದರಿಂದ ಸಾಧ್ಯವಾದರೆ ಹೊರಗಿನ ಮೈಕನ್ನು ಜೋಡಿಸಿಕೊಳ್ಳಿ. ಕಂಪ್ಯೂಟರ್ ನಡುವೆ ನಿದ್ರೆಗೆ ಜಾರದಂತೆ ಪವರ್ ಸೆಟ್ಟಿಂಗ್ಸ್ ಬದಲಿಸಿಡುವುದನ್ನೂ ಮರೆಯಬಾರದು.

ಈಗ ಮುಖ್ಯ ಭಾಗ. ಇನ್ಸರ್ಟ್ ಟ್ಯಾಬಿನಿಂದ ಧ್ವನಿಮುದ್ರಣ ಆರಂಭಿಸಿದ ಮೇಲೆ, ಉಪನ್ಯಾಸಕರು ಹೊಸ ಸ್ಲೈಡಿಗೆ ಹೋದಾಗಲೆಲ್ಲ ಆ ಸ್ಲೈಡಿನ ಪಕ್ಕದ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿ ಏನಾದರೂ ಟೈಪ್ ಮಾಡಬೇಕು. ಹೇಳಿದ್ದನ್ನೆಲ್ಲ ಬರೆಯುವ ಅಗತ್ಯವಿಲ್ಲ. ‘ಉದಾಹರಣೆ’ ಎಂದೋ ‘ಇಲ್ಲಿ ಅರ್ಥವಾಗಲಿಲ್ಲ’ ಎಂದೋ ಒಂದೆರಡು ಪದ ಸಾಕು. ಕೊಂಡಿ ಬೀಳುವುದು ಸ್ಲೈಡಿನ ಚಿತ್ರಕ್ಕಲ್ಲ, ನೀವು ಬರೆದ ಸಾಲಿಗೆ. ಏನನ್ನೂ ಬರೆಯದೆ ಬಿಟ್ಟ ಸ್ಲೈಡಿಗೆ ಧ್ವನಿಯ ಜಾಡು ಇರುವುದಿಲ್ಲ. ಹೀಗಾಗಿ ಕೈಕಟ್ಟಿ ಕುಳಿತು ‘ಹೇಗೂ ಮುದ್ರಣವಾಗುತ್ತಿದೆಯಲ್ಲ’ ಎಂದುಕೊಳ್ಳುವವರಿಗೆ ಈ ವಿಧಾನದಿಂದ ಹೆಚ್ಚೇನೂ ಸಿಗುವುದಿಲ್ಲ. ಉಪನ್ಯಾಸಕರು ಹಿಂದಿನ ಸ್ಲೈಡಿಗೆ ಮರಳಿದರೆ ನೀವೂ ಅಲ್ಲಿಗೇ ಮರಳಿ, ಹಳೆಯ ಸಾಲಿಗೆ ಸೇರಿಸದೆ ಹೊಸ ಸಾಲೊಂದನ್ನು ಬರೆಯಿರಿ.

ಮರಳಿ ಕೇಳುವಾಗ, ಬೇಕಾದ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಅದರ ಎಡಕ್ಕೆ ಪ್ಲೇ ಗುರುತು ಕಾಣಿಸುತ್ತದೆ. ಅದನ್ನು ಒತ್ತಿದರೆ ಆ ಸಾಲು ಬರೆದ ಹೊತ್ತಿನ ಮಾತು ಕೇಳಿಬರುತ್ತದೆ. ನಾವು ಬರೆಯುವುದು ಮಾತು ಕಿವಿಗೆ ಬಿದ್ದ ಮೇಲೆ ತಾನೆ, ಆದ್ದರಿಂದ ತುಸು ಹಿಂದಿನಿಂದ ಕೇಳಬೇಕಾಗಬಹುದು. ಕಂಟ್ರೋಲ್, ಆಲ್ಟ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 10 ಸೆಕೆಂಡು ಹಿಂದಕ್ಕೆ, ವೈ ಬದಲು ಯು ಒತ್ತಿದರೆ 10 ಸೆಕೆಂಡು ಮುಂದಕ್ಕೆ ಹೋಗಬಹುದು. ಸೀ ಪ್ಲೇಬ್ಯಾಕ್ ಗುಂಡಿಯನ್ನು ಒತ್ತಿಟ್ಟರೆ ಮಾತು ಸಾಗಿದಂತೆ ಆಯಾ ಟಿಪ್ಪಣಿಯೂ ಎದ್ದು ಕಾಣುತ್ತ ಹೋಗುತ್ತದೆ.

ಮೊಬೈಲಿನಲ್ಲಿ ಮೊದಲೇ ಮುದ್ರಿಸಿಕೊಂಡ ಕಡತವನ್ನು ಪುಟಕ್ಕೆ ಸೇರಿಸಿದರೆ ಅದು ಅಲ್ಲಿ ಕೂರುತ್ತದೆಯೇ ಹೊರತು ಯಾವ ಸಾಲಿಗೂ ಕೊಂಡಿಯಾಗುವುದಿಲ್ಲ. ಆಗ ಧ್ವನಿಯನ್ನು ಕೇಳುತ್ತ, ಪ್ರತಿ ಸ್ಲೈಡಿನ ಪಕ್ಕದಲ್ಲಿ ‘12:40’ ಎಂಬಂತೆ ನಿಮಿಷ, ಸೆಕೆಂಡುಗಳನ್ನು ಕೈಯಾರೆ ಬರೆದಿಡುವುದು ಸರಳ ದಾರಿ. ಮೊಬೈಲಿನಲ್ಲಿ ಅದನ್ನು ನುಡಿಸುತ್ತ ಒನ್‌ನೋಟ್‌ನಲ್ಲಿ ಹೊಸದಾಗಿ ಮುದ್ರಿಸಿಕೊಂಡು ಟಿಪ್ಪಣಿ ಬರೆಯಲೂಬಹುದು, ಆದರೆ ಧ್ವನಿಯ ಗುಣಮಟ್ಟ ಕುಗ್ಗುತ್ತದೆ, ಇನ್ನೊಂದು ಗಂಟೆಯೂ ಹೋಗುತ್ತದೆ. ಪರೀಕ್ಷೆಗೆ ಓದುವವರಿಗೆ ಆ ಗಂಟೆ ವ್ಯರ್ಥವೇನಲ್ಲ.

ಜಾಗದ ಲೆಕ್ಕವನ್ನೂ ನೋಡಿಕೊಳ್ಳಬೇಕು. ಸೆಕೆಂಡಿಗೆ 64 ಕಿಲೋಬಿಟ್ ವೇಗದಲ್ಲಿ ಮುದ್ರಿಸಿದರೆ ಒಂದು ಗಂಟೆಗೆ ಸುಮಾರು 29 ಎಂಬಿ, 128 ಕಿಲೋಬಿಟ್ ಆದರೆ ಸುಮಾರು 58 ಎಂಬಿ ಬೇಕಾಗುತ್ತದೆ. ವಿಷಯ ಬದಲಾದಾಗ ಮುದ್ರಣವನ್ನು ನಿಲ್ಲಿಸಿ ಹೊಸದನ್ನು ಆರಂಭಿಸಿದರೆ ಕಡತಗಳು ಚಿಕ್ಕದಾಗಿರುತ್ತವೆ, ಸಿಂಕ್ ಆಗುವುದೂ, ಅಂದರೆ ನಿಮ್ಮ ಆನ್‌ಲೈನ್ ಖಾತೆಗೆ ಪ್ರತಿಯಾಗುವುದೂ, ಸುಲಭ. ಕೊನೆಯಲ್ಲಿ ಪುಟದಲ್ಲಿರುವ ಧ್ವನಿಯ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಆ್ಯಸ್ ಮೂಲಕ ಒಂದು ಪ್ರತಿಯನ್ನು ಬೇರೆಡೆ ಉಳಿಸಿ, ಸಿಂಕ್ ಪೂರ್ಣಗೊಂಡ ಮೇಲಷ್ಟೇ ಕಂಪ್ಯೂಟರನ್ನು ಮುಚ್ಚಿ.